ಅಥಣಿಯ ಕಬ್ಬು, ಕ್ಯೂಬಾದ ಕಬ್ಬು ಮತ್ತು ನಮ್ಮ ಗಲ್ಫ್

ಜಗತ್ತಿನ ಯಾವ ಮೂಲೆಯಲ್ಲಿ ಯುದ್ಧ ಶುರುವಾದರೂ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಇದರಲ್ಲಿ ನಮ್ಮವರು ಯಾರು? ಮಸೀದಿಯ ಅಂಗಳದಲ್ಲಿ, ಅಂಗಡಿಯ ಜಗಲಿಯಲ್ಲಿ, ರಾತ್ರಿ ಊಟಕ್ಕೆ ಕೂತಲ್ಲಿ ಇದೇ ಮಾತು. ಅಮೆರಿಕ ಹೀಗೆ ಮಾಡಿತು, ರಷ್ಯಾ ಹಾಗೆ ಹೇಳಿತು, ಚೀನಾ ಸುಮ್ಮನೆ ಕೂತಿತು ಅಂತ. ಲೋಕದ ಸುದ್ದಿ ತಿಳಿಯುವುದು ತಪ್ಪಲ್ಲ, ಅನ್ಯಾಯಕ್ಕೆ ಒಳಗಾದವರಿಗಾಗಿ ಮನಸ್ಸು ಮರುಗುವುದು ಒಳ್ಳೆಯದೇ. ಆದರೆ ಯಾರು ಗೆದ್ದರು ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು: ಈ ಜಗಳದ ಖರ್ಚನ್ನು ಕೊನೆಗೆ ಕಟ್ಟುವವರು ಯಾರು?

ಇದಕ್ಕೆ ಉತ್ತರ ಹುಡುಕಲು ವಾಷಿಂಗ್ಟನ್ನಿಗೋ ಮಾಸ್ಕೋಗೋ ಹೋಗಬೇಕಾಗಿಲ್ಲ. ನಮ್ಮದೇ ರಾಜ್ಯದ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಕ್ಕೆ ಹೋದರೆ ಸಾಕು. ಕರಾವಳಿಯ ಬ್ಯಾರಿ ಮನೆಗಳಿಗೂ ಮಹಾರಾಷ್ಟ್ರದ ಗಡಿಯಲ್ಲಿರುವ ಆ ತಾಲೂಕುಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇದೆ. ದಯವಿಟ್ಟು ಕೊನೆತನಕ ಓದಿ.

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಆ ನಾಡಿನಲ್ಲಿ ಕಣ್ಣು ಹಾಯಿಸಿದಷ್ಟೂ ಕಬ್ಬು. ಈಗಿನ ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ 1939ರಲ್ಲೇ ಸಕ್ಕರೆ ಕಂಪನಿ ಹುಟ್ಟಿಕೊಂಡಿತು. ಆಮೇಲೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಹೀಗೆ ಸಹಕಾರಿ ಕಾರ್ಖಾನೆಗಳು ಬಂದವು, ಖಾಸಗಿಯವೂ ಬಂದವು. ನಿಪ್ಪಾಣಿಯ ಸುತ್ತ ಹಿಂದಿನಿಂದ ತಂಬಾಕಿನ ವ್ಯಾಪಾರ. ಉಳಿದಂತೆ ಮಗಳ ಮದುವೆಯಿಂದ ಹಿಡಿದು ಟ್ರ್ಯಾಕ್ಟರ್ ಸಾಲದ ಕಂತಿನವರೆಗೆ ಎಲ್ಲವೂ ಕಬ್ಬಿನ ಬಿಲ್ಲಿನ ಮೇಲೆಯೇ ನಿಂತಿದೆ. ಹಂಗಾಮು ಚೆನ್ನಾಗಿ ನಡೆದರೆ ಊರಿಗೆ ಊರೇ ನಗುತ್ತದೆ. ಬಿಲ್ಲು ನಿಂತರೆ ಕಿರಾಣಿ ಅಂಗಡಿಯಲ್ಲೂ ಉದ್ರಿ ಏರುತ್ತದೆ.

ಇದೇ ತರಹ ಕಬ್ಬನ್ನೇ ನಂಬಿದ್ದ ಇನ್ನೊಂದು ದೇಶದ ಕಥೆ ಕೇಳಿ. ಅದು ಕ್ಯೂಬಾ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲೋಕ ಎರಡು ಪಾಳೆಯವಾಯಿತು, ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಸೋವಿಯತ್ ಒಕ್ಕೂಟ. ಕ್ಯೂಬಾದ ಸಕ್ಕರೆಗೆ ಆಗ ಅಮೆರಿಕವೇ ದೊಡ್ಡ ಗಿರಾಕಿ. ವರ್ಷಕ್ಕೆ ಇಷ್ಟು ಟನ್ ಅಂತ ಕೋಟಾ ನಿಗದಿಯಾಗಿತ್ತು. 1959ರಲ್ಲಿ ಅಲ್ಲಿ ಫಿಡೆಲ್ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದರು. ಜಗಳ ಬೆಳೆಯಿತು. 1960ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಕ್ಯೂಬಾದ ಕೋಟಾದಿಂದ ಏಳು ಲಕ್ಷ ಟನ್ ಕಡಿದುಹಾಕಿದರು. ಕೂಡಲೇ ಸೋವಿಯತ್ ಒಕ್ಕೂಟ ‘ನಾವು ಕೊಳ್ಳುತ್ತೇವೆ’ ಎಂದು ಮುಂದೆ ಬಂತು. 1962ರ ಫೆಬ್ರವರಿಯಲ್ಲಿ ಅಮೆರಿಕ ಕ್ಯೂಬಾದ ಜೊತೆ ವ್ಯಾಪಾರವನ್ನೇ ನಿಷೇಧಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಪತ್ತೆಯಾಗಿ ಇಡೀ ಲೋಕ ಅಣುಯುದ್ಧದ ಅಂಚಿಗೆ ಬಂದು ನಿಂತಿತು. ಆ ಗಲಾಟೆಯ ನಡುವೆಯೇ, ಅಕ್ಟೋಬರ್ 20ರಂದು, ಚೀನಾ ನಮ್ಮ ಗಡಿಯ ಮೇಲೆ ದಾಳಿ ಮಾಡಿತು.

ಕ್ಯೂಬಾದಿಂದ ಕಿತ್ತುಕೊಂಡ ಕೋಟಾ ಏನಾಯಿತು? ಅಮೆರಿಕ ಅದನ್ನು ಬೇರೆ ಬೇರೆ ದೇಶಗಳಿಗೆ ಹಂಚಿತು. ಒಂದು ಚಿಕ್ಕ ಪಾಲು ಭಾರತಕ್ಕೂ ಬಂತು. ಇವತ್ತಿಗೂ ಕಡಿಮೆ ಸುಂಕದಲ್ಲಿ ವರ್ಷಕ್ಕೆ ಎಂಟು ಸಾವಿರ ಟನ್ ಚಿಲ್ಲರೆ ಸಕ್ಕರೆಯನ್ನು ಅಮೆರಿಕಕ್ಕೆ ಕಳಿಸುವ ಅವಕಾಶ ಭಾರತಕ್ಕಿದೆ. ಅಲ್ಲಿನ ರೈತ ಕಳಕೊಂಡದ್ದರಲ್ಲಿ ಇಲ್ಲಿನವರಿಗೆ ಒಂದು ಚೂರು ದಕ್ಕಿತು. ಇಬ್ಬರೂ ಏನೂ ಮಾಡಿರಲಿಲ್ಲ. ತೀರ್ಮಾನ ಆದದ್ದು ಇಬ್ಬರೂ ಕಾಣದ ಜಾಗದಲ್ಲಿ.

ಮುಂದಿನದ್ದು ಹೆಚ್ಚು ಮುಖ್ಯ. ಸೋವಿಯತ್ ಒಕ್ಕೂಟ ಕ್ಯೂಬಾದ ಸಕ್ಕರೆಗೆ ಮಾರುಕಟ್ಟೆ ದರಕ್ಕಿಂತ ಬಹಳ ಹೆಚ್ಚು ಕೊಟ್ಟಿತು, ಬದಲಿಗೆ ಎಣ್ಣೆಯನ್ನೂ ಯಂತ್ರಗಳನ್ನೂ ಕಳಿಸಿತು. ಮೂವತ್ತು ವರ್ಷ ಸುಗ್ಗಿಯೇ ಸುಗ್ಗಿ. ಬೇರೆ ಬೆಳೆ ಯಾಕೆ, ಬೇರೆ ಗಿರಾಕಿ ಯಾಕೆ ಅನ್ನುವಂತಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ವರ್ಷಕ್ಕೆ 80 ಲಕ್ಷ ಟನ್ನಿನಷ್ಟು ಸಕ್ಕರೆ ಮಾಡುತ್ತಿದ್ದ ಕ್ಯೂಬಾ 2002ರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಾರ್ಖಾನೆಗಳಿಗೆ ಬೀಗ ಹಾಕಿತು. ಈಗ ಐದು ಲಕ್ಷ ಟನ್ ಕೂಡ ಮುಟ್ಟುತ್ತಿಲ್ಲ. ಒಂದು ಕಾಲದಲ್ಲಿ ಲೋಕಕ್ಕೆ ಸಕ್ಕರೆ ತಿನ್ನಿಸಿದ ದೇಶ ಈಗ ಹೊರಗಿನಿಂದ ಸಕ್ಕರೆ ತರಿಸಿಕೊಳ್ಳುತ್ತಿದೆ. ಒಂದೇ ಬೆಳೆ, ಒಂದೇ ಗಿರಾಕಿ, ಆ ಗಿರಾಕಿಯೂ ರಾಜಕೀಯದ ಗಿರಾಕಿ. ಈ ಮೂರೂ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಾಗಿಲ್ಲ.

ಅಥಣಿಯ ರೈತನ ಸ್ಥಿತಿ ಅಷ್ಟು ಕೆಟ್ಟದ್ದಲ್ಲ. ಅವನ ಸಕ್ಕರೆಗೆ ನಮ್ಮ ದೇಶದೊಳಗೇ ದೊಡ್ಡ ಮಾರುಕಟ್ಟೆ ಇದೆ, ಈಗ ಎಥೆನಾಲ್ ಕೂಡ ಬಂದಿದೆ. ಆದರೂ ಅವನ ಗದ್ದೆಗೆ ಲೋಕದ ಜಗಳ ಬೇರೆ ದಾರಿಯಿಂದ ಬರುತ್ತದೆ, ಗೊಬ್ಬರದ ಚೀಲದಲ್ಲಿ. ಕಬ್ಬಿಗೆ ಪೊಟ್ಯಾಷ್ ಬೇಕೇ ಬೇಕು. ನಮ್ಮ ದೇಶ ಬಳಸುವ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರಗಿನದ್ದು. ರಷ್ಯಾ, ಬೆಲಾರುಸ್, ಕೆನಡಾ, ಇಸ್ರೇಲ್, ಜೋರ್ಡಾನ್‌ಗಳಿಂದ ಬರುತ್ತದೆ. 2021ರಲ್ಲಿ ಪಶ್ಚಿಮದ ದೇಶಗಳು ಬೆಲಾರುಸ್ ಮೇಲೆ ನಿರ್ಬಂಧ ಹಾಕಿದವು. 2022ರ ಫೆಬ್ರವರಿಯಲ್ಲಿ ಲಿಥುವೇನಿಯ ತನ್ನ ರೈಲಿನಲ್ಲಿ ಬೆಲಾರುಸ್‌ನ ಪೊಟ್ಯಾಷ್ ಸಾಗಿಸುವುದನ್ನು ನಿಲ್ಲಿಸಿತು. ಅದೇ ತಿಂಗಳು ರಷ್ಯಾ ಉಕ್ರೇನ್ ಮೇಲೆ ಯುದ್ಧ ಸಾರಿತು. ಸಾವಿರ ರೂಪಾಯಿ ಆಸುಪಾಸಿನಲ್ಲಿದ್ದ 50 ಕೆ.ಜಿ. ಚೀಲ 1700 ರೂಪಾಯಿಗೆ ಹೋಯಿತು. ಲಿಥುವೇನಿಯ ಎಲ್ಲಿದೆ ಎಂದು ಗೊತ್ತಿಲ್ಲದ ರೈತನೂ ಅದರ ಬೆಲೆ ಕಟ್ಟಿದ.

ಯೂರಿಯಾ, ಡಿಎಪಿ ಬೆಲೆ ಅಷ್ಟು ಏರದಂತೆ ಸರಕಾರ ಸಬ್ಸಿಡಿ ಕೊಟ್ಟು ತಡೆಯಿತು. 2022-23ರಲ್ಲಿ ಗೊಬ್ಬರದ ಸಬ್ಸಿಡಿಯೇ ಎರಡೂವರೆ ಲಕ್ಷ ಕೋಟಿ ರೂಪಾಯಿ ದಾಟಿತು. ಅದು ಆಕಾಶದಿಂದ ಬಿದ್ದ ಹಣವಲ್ಲ, ನಾವೆಲ್ಲ ಕಟ್ಟುವ ತೆರಿಗೆಯದ್ದು. ಅದೇ ವರ್ಷ ಲೋಕದಲ್ಲಿ ಆಹಾರದ ಬೆಲೆ ಏರಿದಾಗ ದೇಶದೊಳಗೆ ಸಕ್ಕರೆ ತುಟ್ಟಿಯಾಗಬಾರದೆಂದು ಜೂನ್ 1ರಿಂದ ರಫ್ತಿಗೆ ಮಿತಿ ಹಾಕಲಾಯಿತು. ನಮ್ಮ ಚಹಾಕ್ಕೆ ಸಕ್ಕರೆ ಕೈಗೆಟಕುವ ದರದಲ್ಲಿ ಸಿಕ್ಕಿತು, ನಿಜ. ಆದರೆ ಹೊರಗಿನ ಒಳ್ಳೆಯ ದರಕ್ಕೆ ಮಾರುವ ಬಾಗಿಲು ಬೆಳೆದವನಿಗೆ ಅರ್ಧ ಮುಚ್ಚಿತು. ನಮ್ಮ ಲೋಟದ ಸಿಹಿಯ ಹಿಂದೆ ಅವನ ಕಹಿ ಇದೆ ಅನ್ನುವುದನ್ನು ಕರಾವಳಿಯ ನಾವು ಮರೆಯಬಾರದು.

ಹಾಗಂತ ಎಲ್ಲವನ್ನೂ ಅಮೆರಿಕ, ರಷ್ಯಾಗಳ ತಲೆಗೆ ಕಟ್ಟುವುದೂ ಸರಿಯಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಕಬ್ಬು ಬೆಳೆಗಾರರು ಟನ್ನಿಗೆ 3500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತಾಗ, ಕೊನೆಗೆ 3300 ರೂಪಾಯಿಯ ಮಾತು ಬಂದಾಗ, ಅದು ನಮ್ಮದೇ ಸರಕಾರಗಳ, ನಮ್ಮದೇ ಕಾರ್ಖಾನೆಗಳ ಲೆಕ್ಕವಾಗಿತ್ತು. ತೂಕ, ಇಳುವರಿ, ಬಾಕಿ ಬಿಲ್ಲು ಇವೆಲ್ಲ ಊರಿನ ಪ್ರಶ್ನೆಗಳು. ದೂರದ ಯುದ್ಧ ಊರಿನ ತಪ್ಪಿಗೆ ನೆಪವಾಗಬಾರದು.

ಈಗ ನಮ್ಮ ಮನೆಗೆ ಬರೋಣ. ಕೃಷ್ಣಾ ತೀರದವರಿಗೆ ಕಬ್ಬು ಹೇಗೋ ನಮಗೆ ಗಲ್ಫ್ ಹಾಗೆ. ಅದೇ ನಮ್ಮ ಒಂದೇ ಬೆಳೆ. ಎಷ್ಟೋ ಮನೆಗಳ ತಾರಸಿ, ಮದುವೆಯ ಚಿನ್ನ, ಮಕ್ಕಳ ಕಾಲೇಜಿನ ಫೀಸು, ಮಸೀದಿ ಮದ್ರಸಗಳ ಕಟ್ಟಡ ಎಲ್ಲದರಲ್ಲೂ ಮರುಭೂಮಿಯ ಬೆವರಿದೆ. ಆ ಬೆವರನ್ನು ನಾವು ಗೌರವಿಸುತ್ತೇವೆ. ಆದರೆ 1990ರ ಆಗಸ್ಟ್ 2ನ್ನು ನೆನಪಿಸಿಕೊಳ್ಳಿ. ಸದ್ದಾಂ ಹುಸೇನ್‌ರ ಸೇನೆ ಕುವೈತಿಗೆ ನುಗ್ಗಿತು. ನಿನ್ನೆವರೆಗೆ ಚಿನ್ನದಂತಿದ್ದ ಕುವೈತಿ ದಿನಾರ್ ಒಂದೇ ಏಟಿಗೆ ಕಾಗದವಾಯಿತು. ಬಗ್ದಾದ್ ದಾಟಿ, ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾದ ಸುಮಾರು 488 ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಊರಿಗೆ ಮರಳಿದರು. ಉಟ್ಟ ಬಟ್ಟೆಯಲ್ಲೇ ಬಂದವರು ಎಷ್ಟೋ ಮಂದಿ.

ಅದು ಹಳೆಯ ಕಥೆ ಅನ್ನುತ್ತೀರಾ? 2025ರ ಜೂನ್ 23ರ ರಾತ್ರಿ ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿತು. ಕೆಲವು ಗಂಟೆ ಗಲ್ಫಿನ ಆಕಾಶ ವಿಮಾನಗಳಿಗೆ ಮುಚ್ಚಿತು. ದೊಡ್ಡವರ ಜಗಳ ನಿಂತಿತೋ ಇಲ್ಲವೋ ಎಂದು ತಿಳಿಯುವ ಮೊದಲೇ ನಮ್ಮ ಉಮ್ಮಂದಿರು ಫೋನ್ ಹಿಡಿದು ಕೂತಿದ್ದರು.

ಇನ್ನೊಂದು ಮಾತನ್ನು ಬಿಚ್ಚಿ ಹೇಳಲೇಬೇಕು. ಇಂಥ ಯುದ್ಧಗಳನ್ನೆಲ್ಲ ಧರ್ಮದ ಯುದ್ಧವೆಂದು ಓದುವ ಚಾಳಿ ನಮ್ಮಲ್ಲೂ ಇದೆ, ನಮ್ಮ ವಿರುದ್ಧ ಬರೆಯುವವರಲ್ಲೂ ಇದೆ. ಇತಿಹಾಸ ಹಾಗೆ ಹೇಳುವುದಿಲ್ಲ. 1955ರ ಬಗ್ದಾದ್ ಒಪ್ಪಂದದಲ್ಲಿ ತುರ್ಕಿ, ಇರಾಕ್, ಇರಾನ್, ಪಾಕಿಸ್ತಾನಗಳ ಜೊತೆ ಕೂತದ್ದು ಬ್ರಿಟನ್. ನಾಲ್ಕೇ ವರ್ಷಕ್ಕೆ ಇರಾಕ್ ಎದ್ದುಹೋಯಿತು. 1980ರಿಂದ 88ರವರೆಗೆ ಇರಾಕ್ ಮತ್ತು ಇರಾನ್ ಕಾದಾಡಿ ಲಕ್ಷಾಂತರ ಜೀವ ಹೋದವು. ಸತ್ತವರಲ್ಲಿ ಬಹುತೇಕ ಎಲ್ಲರೂ ಕಲಿಮಾ ಹೇಳುವವರೇ. ಇರಾಕಿಗೆ ಸೋವಿಯತ್ ಆಯುಧ ಬಂತು, ಅಮೆರಿಕದ ಬೆಂಬಲವೂ ಇತ್ತು. ಅದೇ ಅಮೆರಿಕ ಗುಟ್ಟಾಗಿ ಇರಾನಿಗೂ ಆಯುಧ ಮಾರಿದ್ದು 1986ರಲ್ಲಿ ಬಯಲಾಯಿತು. ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆಯ ವಿರುದ್ಧ ಹೋರಾಡಿದವರ ದೀನಿನ ಹುರುಪನ್ನು ಹಾಡಿ ಹೊಗಳಿದವರು, 1989ರಲ್ಲಿ ಆ ಸೇನೆ ಹಿಂದಿರುಗಿದ ಮೇಲೆ ಆ ಜನರ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡ ಶಕ್ತಿಗಳಿಗೆ ಧರ್ಮ ಬೇಕಾಗುವುದು ಒಲೆಗೆ ಸೌದೆ ಬೇಕಾದ ಹಾಗೆ. ಅಡುಗೆ ಆದ ಮೇಲೆ ಬೂದಿಯನ್ನು ಯಾರೂ ಎತ್ತಿಡುವುದಿಲ್ಲ.

ಹಾಗಾದರೆ ಸಣ್ಣವರಿಗೆ ದಾರಿಯೇ ಇಲ್ಲವೇ? ಇತ್ತು, ಇದೆ. 1955ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ ಆಫ್ರಿಕಾದ 29 ದೇಶಗಳು ಸೇರಿದವು. ನೆಹರೂ, ಸುಕರ್ಣೊ, ನಾಸರ್ ಜೊತೆಗೆ ಕೂತರು. ಯಾರ ಬಾಲವೂ ಆಗದೆ ಎಲ್ಲರ ಜೊತೆ ಮಾತನಾಡುವುದೇ ಅಲ್ಲಿಂದ ಬೆಳೆದ ಅಲಿಪ್ತ ನೀತಿಯ ತಿರುಳು. ಅದಕ್ಕೂ ಮೊದಲೇ, 1953-54ರಲ್ಲಿ, ಕೊರಿಯಾ ಯುದ್ಧದ ನಂತರ ಊರಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಸೆರೆಯಾಳುಗಳ ಹೊಣೆ ಹೊತ್ತ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಎರಡೂ ಪಾಳೆಯದವರು ಬಯ್ದರು. ಆದರೆ ಇಬ್ಬರೂ ಒಪ್ಪಬಹುದಾದ ಮಧ್ಯಸ್ಥ ಬೇಕಾದಾಗ ಸಿಕ್ಕಿದ್ದು ಭಾರತವೇ.

ಅಲಿಪ್ತ ನೀತಿಯೂ ಕಷ್ಟವಿಲ್ಲದ್ದಾಗಿರಲಿಲ್ಲ. 1965-66ರ ಬರದಲ್ಲಿ ವಿಯೆಟ್ನಾಂ ಯುದ್ಧವನ್ನು ಟೀಕಿಸಿದ ನಮಗೆ ಅಧ್ಯಕ್ಷ ಜಾನ್ಸನ್ ಗೋದಿಯನ್ನು ತಿಂಗಳ ಲೆಕ್ಕದಲ್ಲಿ ಹಿಡಿದು ಹಿಡಿದು ಕೊಟ್ಟರು. 1971ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂಗಾಳ ಕೊಲ್ಲಿಯ ಕಡೆಗೆ ಬಂದಾಗ ನಮ್ಮ ಕೈಯಲ್ಲಿ ಆಗಸ್ಟ್ 9ರ ಸೋವಿಯತ್ ಒಪ್ಪಂದ ಇತ್ತು. ಅಂದರೆ ತಟಸ್ಥರೂ ಕೆಲವೊಮ್ಮೆ ಒಬ್ಬರ ಭುಜ ಹಿಡಿಯಬೇಕಾಗುತ್ತದೆ. ಆದರೆ ಗೋದಿಗಾಗಿ ಕೈಯೊಡ್ಡಿದ ಅವಮಾನದಿಂದಲೇ ನಾವು ನಮ್ಮ ಗದ್ದೆಯಲ್ಲಿ ಧಾನ್ಯ ಬೆಳೆಯುವುದನ್ನು ಕಲಿತೆವು. ಭುಜ ಬೇರೆಯವರದ್ದಾದರೂ ಕಾಲು ನಮ್ಮದೇ ಇರಬೇಕು.

ದೇಶಕ್ಕೆ ಹೇಳಿದ ಈ ಮಾತೇ ಮನೆಗೂ ಅನ್ವಯ. ಯೂಸುಫ್ ನೆಬಿಯವರು ಏಳು ಸುಗ್ಗಿಯ ವರ್ಷಗಳಲ್ಲಿ ಏಳು ಬರದ ವರ್ಷಗಳಿಗೆ ಕೂಡಿಟ್ಟ ಕಥೆಯನ್ನು ಮದ್ರಸದಲ್ಲಿ ನಮ್ಮ ಮಕ್ಕಳೆಲ್ಲ ಕಲಿಯುತ್ತಾರೆ. ಅದು ಬರೀ ಕಥೆಯಲ್ಲ, ಮನೆ ನಡೆಸುವ ವಿದ್ಯೆ. ಗಲ್ಫಿನಿಂದ ಬರುವ ಹಣದಲ್ಲಿ ಮೊದಲು ಮದುವೆಯ ಆಡಂಬರಕ್ಕಲ್ಲ, ಆರು ತಿಂಗಳ ಮನೆಖರ್ಚಿಗೆ ಒಂದು ಪಾಲು ತೆಗೆದಿಡಿ. ಗಂಡು ಹೆಣ್ಣು ಅನ್ನದೆ ಮಕ್ಕಳಿಗೆ ಊರಲ್ಲೇ ನಡೆಯುವ ಒಂದು ಕಸುಬನ್ನೋ ಓದನ್ನೋ ಕೊಡಿ. ಹೊರಗೆ ಇರುವವರ ಪಾಸ್‌ಪೋರ್ಟ್, ವೀಸಾದ ನಕಲು ಮನೆಯಲ್ಲೂ ಇರಲಿ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ನಂಬರೂ ಇರಲಿ. ಪ್ರತಿ ಜಮಾಅತ್ ತನ್ನ ಮೊಹಲ್ಲಾದ ಯಾರು ಯಾವ ದೇಶದಲ್ಲಿದ್ದಾರೆ ಅನ್ನುವ ಒಂದು ಪಟ್ಟಿ ಇಟ್ಟುಕೊಂಡರೆ ಸಂಕಟದ ದಿನ ಓಡಾಟ ಅರ್ಧ ಕಡಿಮೆಯಾಗುತ್ತದೆ. ಇದಕ್ಕೆ ಲಕ್ಷಾಂತರ ರೂಪಾಯಿ ಬೇಡ, ಒಂದು ಪುಸ್ತಕ, ಒಬ್ಬ ಬರೆಯುವವ ಸಾಕು.

ಮತ್ತೆ ಸುದ್ದಿಯ ವಿಷಯ. ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಬೇಡಿ ಅನ್ನುವುದು ಸೂರಃ ಹುಜುರಾತ್ ಕಲಿಸುವ ಪಾಠ. ಯಾವುದೋ ಹಳೆಯ ಯುದ್ಧದ ವೀಡಿಯೊವನ್ನು ಇವತ್ತಿನದ್ದೆಂದು ಹಂಚುವ ಹುಡುಗನಿಗೆ ಅದರಿಂದ ಕವಡೆ ಲಾಭವಿಲ್ಲ. ಆದರೆ ಅಲ್ಲಿ ದುಡಿಯುವ ಅವನ ಅಣ್ಣನ ಕೆಲಸಕ್ಕೇ ಅದು ಕುತ್ತಾಗಬಹುದು. ಗಲ್ಫಿನ ದೇಶಗಳಲ್ಲಿ ಇಂಥ ಪೋಸ್ಟುಗಳಿಗೆ ಕಾನೂನು ಕಟ್ಟುನಿಟ್ಟು.

ಎರಡು ಕೋಣಗಳ ಗುದ್ದಾಟದಲ್ಲಿ ನುಚ್ಚುನೂರಾಗುವುದು ನಡುವಿನ ಗಿಡ. ಕೋಣಗಳನ್ನು ಬಿಡಿಸುವ ಶಕ್ತಿ ಅಥಣಿಯ ರೈತನಿಗೂ ಇಲ್ಲ, ಉಳ್ಳಾಲದ ಮನೆಗೂ ಇಲ್ಲ. ಆದರೆ ಗಿಡ ಒಂದೇ ಬೇರಿನ ಮೇಲೆ ನಿಲ್ಲಬೇಕೋ ನಾಲ್ಕು ಬೇರಿನ ಮೇಲೋ ಅನ್ನುವುದು ನಮ್ಮ ಕೈಯಲ್ಲಿದೆ. ಈ ವಾರ ಮನೆಯವರೆಲ್ಲ ಸೇರಿದಾಗ ಯುದ್ಧದಲ್ಲಿ ಯಾರು ಗೆದ್ದರು ಎಂಬ ಮಾತಿನ ಜೊತೆಗೆ ಇದನ್ನೂ ಕೇಳಿಕೊಳ್ಳಿ: ನಾಳೆ ಗಲ್ಫಿನ ಹಣ ಆರು ತಿಂಗಳು ನಿಂತರೆ ನಮ್ಮ ಮನೆ ಹೇಗೆ ನಡೆಯುತ್ತದೆ? ಉತ್ತರ ಸಿಕ್ಕಿದರೆ ಅಲ್‌ಹಮ್ದುಲಿಲ್ಲಾಹ್. ಸಿಗದಿದ್ದರೆ, ಉತ್ತರ ಹುಡುಕುವ ಕೆಲಸವನ್ನು ಶಾಂತಿಯ ದಿನಗಳಲ್ಲೇ ಮಾಡಬೇಕು.