ಕ್ಯಾಶ್ ಕ್ಲಿಯರ್ ಮಾಡಿ ಅನ್ನುವ ಮಹನೀಯರಿಗೆ

ಶೇರು, ಮ್ಯೂಚುವಲ್ ಫಂಡುಗಳ ಲೆಕ್ಕ ಇಡುವ ಸಾಫ್ಟ್‌ವೇರಿನಲ್ಲಿ ಚಾರ್ಟು ತಪ್ಪು ತೋರಿಸ್ತಾ ಇದೆ ಅಂತ ದೂರು ಕೊಟ್ಟು ನೋಡಿ. ಉತ್ತರ ರೆಡಿ ಇರುತ್ತೆ: "ಕ್ಯಾಶ್ ಕ್ಲಿಯರ್ ಮಾಡಿ, ಮತ್ತೆ ಲಾಗಿನ್ ಆಗಿ." ಯಾವ ಕ್ಯಾಶ್ ಸ್ವಾಮಿ? ಬ್ರೌಸರಿನದ್ದಾ, ನಮ್ಮ ಜೇಬಿನದ್ದಾ?

ಚಾರ್ಟು ಬರಲೇ ಇಲ್ಲ, ಬರೀ ಬಿಳಿ ಪುಟ ಅಂದ್ರೆ ಈ ಉತ್ತರ ಸರಿಯೇ. ಬ್ರೌಸರ್ ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತೆ. ಆದರೆ ಚಾರ್ಟು ಚೆಂದವಾಗಿ ಬಂದು ಸುಳ್ಳು ಹೇಳಿದರೆ? ಅದನ್ನೂ "ಡಿಸ್‌ಪ್ಲೇ ಸಮಸ್ಯೆ" ಅನ್ನೋ ಒಂದೇ ಚೀಲಕ್ಕೆ ತುಂಬಿ ಕೈ ತೊಳೆದುಕೊಳ್ಳೋದಿದೆಯಲ್ಲ, ನನ್ನ ತಕರಾರು ಇರೋದು ಅಲ್ಲಿ.

2018ರ ಸೆಪ್ಟೆಂಬರಿನಲ್ಲಿ ಇನ್ಫೋಸಿಸ್ ಒಂದಕ್ಕೊಂದು ಬೋನಸ್ ಕೊಟ್ಟಿತು. 1,400 ರೂಪಾಯಿ ಆಸುಪಾಸಿನಲ್ಲಿದ್ದ ಶೇರು ಮಾರನೇ ದಿನ 700ರ ಆಸುಪಾಸು. 100 ಶೇರು ಇದ್ದವರಿಗೆ 200 ಆಯ್ತು. ಗಂಟು ಮಾತ್ರ ಅಷ್ಟೇ, 1.4 ಲಕ್ಷ. ಬೋನಸ್ ದಾಖಲಾಗದಿದ್ದರೆ ಗೆರೆ 70 ಸಾವಿರಕ್ಕೆ ಧೊಪ್ಪನೆ ಬೀಳುತ್ತೆ. ಇದು ಎಷ್ಟೋ ಜನಕ್ಕೆ ಗೊತ್ತು.

ಇದರ ಉಲ್ಟಾ ಕೇಸು ಇನ್ನೂ ಮೋಸದ್ದು. ಹಲವು ಕಡೆಯಿಂದ ಬರುವ ಬೆಲೆಪಟ್ಟಿಯಲ್ಲಿ ಹಳೇ ಬೆಲೆಗಳನ್ನೂ ಬೋನಸ್ಸಿಗೆ ಹೊಂದಿಸಿ ಅರ್ಧ ಮಾಡಿಟ್ಟಿರುತ್ತಾರೆ. ನಮ್ಮ ಹಳೇ ಶೇರಿನ ಸಂಖ್ಯೆ ಮಾತ್ರ 100 ಅಂತಲೇ ಇರುತ್ತೆ. ಗುಣಿಸಿ: ಬೋನಸ್ಸಿಗೆ ಮುಂಚೆ 70 ಸಾವಿರ, ಬೋನಸ್ ದಿನ ಇದ್ದಕ್ಕಿದ್ದಂತೆ 1.4 ಲಕ್ಷ! ಹಸಿರು ಗೆರೆ ಮುಗಿಲು ಮುಟ್ಟುತ್ತೆ. ಬಿದ್ದರೆ ದೂರು ಕೊಡ್ತೀವಿ, ಎದ್ದರೆ ಯಾರು ಕೊಡ್ತಾರೆ ಹೇಳಿ?

ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲೇ ಬ್ಯಾಂಕಿನಿಂದ ನಿವೃತ್ತರಾದ ರಾಯರೊಬ್ಬರು ಹೀಗೇ ಬಿದ್ದ ಗೆರೆ ನೋಡಿ ಎಲ್ಲ ಮಾರಲು ಹೊರಟಿದ್ದರು. "ರಾಯರೇ, ಬೋನಸ್ ಬಂದಿದೆ, ಹಣ ಎಲ್ಲೂ ಹೋಗಿಲ್ಲ" ಅಂತ ಪಾಸ್‌ಬುಕ್ ನೋಡುವಷ್ಟು ಶ್ರದ್ಧೆಯಿಂದ ಸ್ಟೇಟ್‌ಮೆಂಟ್ ತೋರಿಸಿದ ಮೇಲೇ ಸಮಾಧಾನ. ಎಲ್ಲರ ಪಕ್ಕದ ಮನೆಯಲ್ಲೂ ಹೇಳುವವರು ಇರ್ತಾರಾ?

ಇನ್ನು ಕೆಲವರು ಬುದ್ಧಿವಂತರು. ಗೆರೆ ಸರಿಮಾಡಲು ಹಳೇ ಖರೀದಿಯನ್ನೇ ತಿದ್ದಿ 200 ಶೇರು, ಅರ್ಧ ಬೆಲೆ ಅಂತ ಬರೆದುಬಿಡ್ತಾರೆ. ದಯವಿಟ್ಟು ಬೇಡ ಮಾರಾಯ್ರೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಈಗಿನ ಬೋನಸ್ ಶೇರಿನ ಕೊಂಡ ಬೆಲೆ ಸೊನ್ನೆ, ಅವಧಿ ಶುರುವಾಗೋದು ಅದು ಕೈಗೆ ಬಂದ ದಿನದಿಂದ. ಗೆರೆ ನೆಟ್ಟಗಾಗುತ್ತೆ, ರಿಟರ್ನ್ಸ್ ಸೊಟ್ಟಗಾಗುತ್ತೆ. ಸೊನ್ನೆ ಬೆಲೆಯ ಬೇರೆಯದೇ ಎಂಟ್ರಿ ಹಾಕಿ.

ಕಂಪನಿ ಒಡೆದಾಗಲಂತೂ ಕೇಳಲೇಬೇಡಿ. 2023ರ ಜುಲೈ 20ಕ್ಕೆ ರಿಲಯನ್ಸಿನಿಂದ ಜಿಯೋ ಫೈನಾನ್ಶಿಯಲ್ ಬೇರೆಯಾಯಿತು, 261.85 ರೂಪಾಯಿ ಬೆಲೆಯೂ ನಿಗದಿಯಾಯಿತು. ವಹಿವಾಟು ಶುರುವಾಗಿದ್ದು ಆಗಸ್ಟ್ 21ಕ್ಕೆ. ನಡುವಿನ ಒಂದು ತಿಂಗಳು ಆ ಶೇರಿಗೆ ದಿನದಿನದ ವಹಿವಾಟಿನ ಬೆಲೆ ಇಲ್ಲ. ಬೆಲೆ ಗೊತ್ತಿಲ್ಲ ಅನ್ನೋದೂ ಬೆಲೆ ಸೊನ್ನೆ ಅನ್ನೋದೂ ಒಂದೇನಾ? ಅಲ್ಲಿ ಗೆರೆ ತುಂಡಾಗಬೇಕು, ಇಲ್ಲವೇ ಚುಕ್ಕೆ ಚುಕ್ಕೆಯಾಗಬೇಕು. ಬೋನಸ್, ಸ್ಪ್ಲಿಟ್ ಆದ ದಿನ ಗೆರೆಯ ಮೇಲೊಂದು ಗುರುತು ಹಾಕಬೇಕು. ಪ್ರತಿ ತಿಂಗಳು ನಾವೇ ತುಂಬಿದ ಎಸ್‌ಐಪಿ ಹಣವನ್ನು ಲಾಭದ ಹಾಗೆ ಏರಿಸಿ ತೋರಿಸೋದನ್ನು ಬಿಟ್ಟು, ಹಾಕಿದ ದುಡ್ಡಿಗೆ ಪಕ್ಕದಲ್ಲೇ ಇನ್ನೊಂದು ಗೆರೆ ಎಳೀಬೇಕು. ವರ್ಷದ ಚಂದಾ ಮುಗಿಯುವ ದಿನ ಮಾತ್ರ ಕರಾರುವಾಕ್ಕಾಗಿ ನೆನಪಿಸುವವರಿಗೆ ಇದೇನು ದೊಡ್ಡ ಕೆಲಸವಾ?

ಅಲ್ಲೀವರೆಗೆ, ಗೆರೆ ಒಂದೇ ದಿನದಲ್ಲಿ ಅರ್ಧವೋ ಎರಡರಷ್ಟೋ ಆಗಿದ್ದರೆ ಬ್ರೌಸರ್ ಮುಟ್ಟಲು ಹೋಗಬೇಡಿ. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಕಳಿಸುವ ಸ್ಟೇಟ್‌ಮೆಂಟ್ ತೆಗೆದು, ಆ ದಿನದ ಹಿಂದೆ ಮುಂದೆ ಶೇರುಗಳ ಸಂಖ್ಯೆ ಎಷ್ಟಿತ್ತು ಅಂತ ಮೊದಲು ನೋಡಿ.