ಆಡಳಿತ ವೆಚ್ಚವೆಂಬ ಆರೋಪ

ದಾನದ ಹಣದಲ್ಲಿ ನಡೆಯುವ ಸಂಸ್ಥೆಯೊಂದು ಅನುಭವಿ ವ್ಯವಸ್ಥಾಪಕರನ್ನೋ ಒಳ್ಳೆಯ ಲೆಕ್ಕಿಗರನ್ನೋ ತಕ್ಕ ಸಂಬಳ ಕೊಟ್ಟು ಇಟ್ಟುಕೊಂಡರೆ ನಮ್ಮಲ್ಲಿ ಹುಬ್ಬೇರುತ್ತದೆ. ಬಡವರಿಗೆ ಸೇರಬೇಕಾದ ದುಡ್ಡು ಕಚೇರಿಯಲ್ಲೇ ಸೋರಿಹೋಯಿತೆಂಬ ಗುಮಾನಿ. ಈ ಗುಮಾನಿಗೆ ತೆರುವ ಬೆಲೆ ದೊಡ್ಡದು.

ಬಾಂಗ್ಲಾದೇಶದ ಬ್ರಾಕ್ ಎಂಬ ಸೇವಾ ಸಂಸ್ಥೆಯನ್ನು 1972ರಲ್ಲಿ ಕಟ್ಟಿದ ಫಜ್ಲೆ ಹಸನ್ ಅಬೆದ್ ಲೆಕ್ಕಶಾಸ್ತ್ರ ಓದಿದವರು, ಚಿತ್ತಗಾಂಗ್‌ನ ಶೆಲ್ ಕಂಪನಿಯಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದವರು. ಆ ಶಿಸ್ತು ಹಳ್ಳಿಗೆ ಬಂದದ್ದು ಹೀಗೆ. 1980ರಿಂದ 1990ರವರೆಗೆ ಬ್ರಾಕ್‌ನ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ವಾಂತಿಭೇದಿಯಾದ ಮಗುವಿಗೆ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಬೆರೆಸಿ ಕುಡಿಸುವುದನ್ನು ತಾಯಂದಿರಿಗೆ ಕಲಿಸಿದರು. ಸುಮಾರು 1.2 ಕೋಟಿ ಮನೆಗಳು! ಆದರೆ ಎಷ್ಟು ಮನೆ ಸುತ್ತಿದಿರಿ ಎಂದು ಎಣಿಸಿ ಕೂಲಿ ಕೊಡಲಿಲ್ಲ. ಕೆಲವು ವಾರ ಕಳೆದ ಮೇಲೆ ಬೇರೆಯವರು ಆಯ್ದ ಕೆಲವು ಮನೆಗಳಿಗೆ ಹೋಗಿ ತಾಯಿಗೆ ಏನೇನು ನೆನಪಿದೆ ಎಂದು ಕೇಳುತ್ತಿದ್ದರು. ಅವಳು ಎಷ್ಟು ಸರಿಯಾಗಿ ಹೇಳುತ್ತಾಳೋ ಕಲಿಸಿದವಳಿಗೆ ಅಷ್ಟು ಕೂಲಿ. ನೆನಪಿದ್ದರೂ ಎಷ್ಟೋ ಮಂದಿ ಬಳಸುತ್ತಿಲ್ಲವೆಂದು ತಿಳಿದಾಗ ಕಾರಣ ಹುಡುಕಿದರು. ಕಲಿಸುವವರಿಗೇ ಆ ನೀರಿನ ಮೇಲೆ ಭರವಸೆಯಿರಲಿಲ್ಲ. ಮನೆಯ ಗಂಡಸರಿಗೆ ಯಾರೂ ವಿಷಯ ಹೇಳಿರಲಿಲ್ಲ. ತರಬೇತಿ ಬದಲಾಯಿತು. ಸಂತೆ, ಮಸೀದಿಗಳಲ್ಲಿ ಗಂಡಸರಿಗೂ ತಿಳಿಹೇಳಲಾಯಿತು.

ಆ ಪರೀಕ್ಷಕರ ಸಂಬಳ, ಓಡಾಟ, ಲೆಕ್ಕದ ಪುಸ್ತಕಗಳನ್ನು ದಂಡದ ಖರ್ಚು ಎನ್ನುವುದು ಸುಲಭ. ಅದನ್ನು ಉಳಿಸಿದ್ದರೆ ವರದಿಯಲ್ಲಿ ಮನೆಗಳ ಸಂಖ್ಯೆ ಹಾಗೆಯೇ ಇರುತ್ತಿತ್ತು, ಹಟ್ಟಿಗಳಲ್ಲಿ ಮಕ್ಕಳು ಸಾಯುತ್ತಲೇ ಇರುತ್ತಿದ್ದರು.

ದಾನವೊಂದನ್ನೇ ನೆಚ್ಚದೆ ಬ್ರಾಕ್ 1978ರಲ್ಲೇ ಕುಶಲಕರ್ಮಿಗಳ ಸರಕು ಮಾರಲು ಆರೊಂಗ್ ಮಳಿಗೆ ತೆರೆಯಿತು, 2001ರಲ್ಲಿ ಬ್ಯಾಂಕ್ ಆರಂಭಿಸಿತು. ಸ್ವಂತ ಗಳಿಕೆಯ ಬೆಲೆ ಏನೆಂದು 2025ರಲ್ಲಿ ಜಗತ್ತಿಗೆ ಗೊತ್ತಾಯಿತು. ಆ ವರ್ಷದ ಜುಲೈ 1ಕ್ಕೆ ಅಮೆರಿಕದ ನೆರವು ಸಂಸ್ಥೆ ಯುಎಸ್ಏಡ್ ಬಾಗಿಲು ಹಾಕಿತು. ಅದೊಂದನ್ನೇ ನೆಚ್ಚಿದ್ದ ಕ್ಲಿನಿಕ್‌ಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಕೊಟ್ಟವರು ಕೈಹಿಂತೆಗೆದದ್ದು ಅನ್ಯಾಯ, ನಿಜ. ಒಬ್ಬನೇ ದಾನಿಯ ಮರ್ಜಿಗೆ ರೋಗಿಯ ಜೀವ ಕಟ್ಟಿಹಾಕಿದ್ದೂ ತಪ್ಪೇ.

ಕಚೇರಿ ಖರ್ಚಿನ ಮೇಲಿನ ಅದೇ ಗುಮಾನಿಯನ್ನು ನಮ್ಮ ಕಾನೂನೂ ಪೋಷಿಸಿದೆ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಲೆಕ್ಕ ಇಡುವ, ವರದಿ ಬರೆಯುವ ಖರ್ಚೂ ಇದರೊಳಗೇ ಬರಬೇಕು. ದೇಣಿಗೆ ನುಂಗುವವರು ಇದ್ದಾರೆ, ಅವರನ್ನು ಹಿಡಿಯಲೇಬೇಕು. ಅದಕ್ಕೂ ಬೇಕಾದದ್ದು ಗಟ್ಟಿಯಾದ ಲೆಕ್ಕಪತ್ರವೇ. ಈ ಮಿತಿಯನ್ನು ಸರ್ಕಾರ ಮರುಪರಿಶೀಲಿಸಬೇಕು.

ಓದುಗರಲ್ಲೂ ಒಂದು ಕೋರಿಕೆ. ಮುಂದಿನ ಸಲ ದೇಣಿಗೆ ಕೊಡುವ ಮುನ್ನ ಕಚೇರಿ ಖರ್ಚು ಎಷ್ಟೆಂದು ಕೇಳಿ ಸುಮ್ಮನಾಗಬೇಡಿ. ಕೆಲಸ ಫಲಿಸಿತೋ ಇಲ್ಲವೋ ಎಂದು ಯಾರು ಪರೀಕ್ಷಿಸುತ್ತಾರೆ, ಫಲಿಸದ ಯಾವ ಯೋಜನೆಯನ್ನು ನಿಲ್ಲಿಸಿದ್ದೀರಿ ಎಂದೂ ಕೇಳಿ.