ವರದಿಯಲ್ಲಿ ರಾಯಚೂರು, ಹುದ್ದೆಯಲ್ಲಿ ಯಾರು?

ಬಡತನ, ಅಪೌಷ್ಟಿಕತೆ, ಶಾಲೆ ಬಿಟ್ಟ ಮಕ್ಕಳು, ಗುಳೆ- ಕರ್ನಾಟಕದಲ್ಲಿ ಈ ವಿಷಯಗಳ ಬಗ್ಗೆ ಯಾರೇ ವರದಿ ಬರೆಯಲಿ, ರಾಯಚೂರಿನ ಉಲ್ಲೇಖ ತಪ್ಪುವುದಿಲ್ಲ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದಾಗ ದೇವದುರ್ಗ ತೀರಾ ತಳದಲ್ಲಿತ್ತು. 2005ರ ರಾಜ್ಯ ಮಾನವ ಅಭಿವೃದ್ಧಿ ವರದಿಯಲ್ಲಿ 27 ಜಿಲ್ಲೆಗಳ ಪೈಕಿ ರಾಯಚೂರಿಗೆ ಕೊನೆಯ ಸ್ಥಾನ, ಸೂಚ್ಯಂಕ 0.547. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳನ್ನು ಗುರುತಿಸಿದಾಗ ಕರ್ನಾಟಕದಿಂದ ಆಯ್ಕೆಯಾದ ಎರಡರಲ್ಲಿ ಇದೂ ಒಂದು.

ಹಿಂದುಳಿದಿರುವಿಕೆಯ ಬೆನ್ನಿಗೇ ಯೋಜನೆಗಳೂ ಬಂದವು. ವಿಶ್ವಬ್ಯಾಂಕ್ ನೆರವಿನ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ತೊಂಬತ್ತರ ದಶಕದಲ್ಲಿ ರಾಜ್ಯದ ಮೊದಲ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದಾಗ ರಾಯಚೂರು ಅವುಗಳಲ್ಲೊಂದಾಗಿತ್ತು. ಅನಂತರ ಅದೇ ಬ್ಯಾಂಕಿನ ನೆರವಿನಿಂದ 'ಜಲ ನಿರ್ಮಲ' ಬಂತು. ಯುನಿಸೆಫ್ ಇಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೆ. ಈ ಯಾವ ಯೋಜನೆಯನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದು ಪ್ರಶ್ನೆ ಸೇವೆಯಲ್ಲಿದ್ದಾಗಲೂ, ನಿವೃತ್ತಿಯ ನಂತರವೂ ನನ್ನನ್ನು ಕಾಡಿದೆ. ಇಂತಹ ಸಂಸ್ಥೆಗಳಲ್ಲಿ ದೇವದುರ್ಗದ, ಮಾನ್ವಿಯ ಪದವೀಧರರು ಅಧಿಕಾರಿಗಳಾಗಿ ಏಕೆ ಕಾಣುವುದಿಲ್ಲ? ನಾನು ಕಂಡ ಸ್ಥಳೀಯರು ವಾಹನ ಚಾಲಕರು, ಸಮೀಕ್ಷೆಯ ಗಣತಿದಾರರು, ಮತ್ತು ದೂರದಿಂದ ಬಂದ ಸಲಹೆಗಾರರ ಪಕ್ಕದಲ್ಲಿ ನಿಂತು ಅವರ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸುವ ಹುಡುಗ-ಹುಡುಗಿಯರು.

ಇಂಗ್ಲಿಷ್ ಬಾರದಿರುವುದೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದು ಅರ್ಧ ಸತ್ಯ. ಉಳಿದ ಅರ್ಧಕ್ಕೆ ನನ್ನಂತಹ ಅಧಿಕಾರಿಗಳೇ ಹೊಣೆ.

2007ರ ಸುಮಾರಿಗೆ ನಾನು ಜಿಲ್ಲೆಯಲ್ಲಿದ್ದಾಗ ದೇವದುರ್ಗ ತಾಲ್ಲೂಕಿನ ತಾಂಡಾ ಒಂದರ ಯುವತಿಯೊಬ್ಬಳು ಒಂದರ ಹಿಂದೊಂದು ಮೂರು ಅಧ್ಯಯನಗಳಲ್ಲಿ ಕೆಲಸ ಮಾಡಿದಳು. ಕನ್ನಡ ಎಂ.ಎ. ಪದವಿ, ಮನೆಮಾತು ಲಂಬಾಣಿ, ಉರ್ದು, ತೆಲುಗು ವ್ಯವಹಾರಕ್ಕೆ ಸಾಕಾಗುವಷ್ಟು. ದೆಹಲಿಯಿಂದ ಬಂದ ಪ್ರಶ್ನಾವಳಿಯಲ್ಲಿ 'ಕುಟುಂಬದ ಸದಸ್ಯರು ಎಷ್ಟು' ಎಂದಿದ್ದರೆ, ಗುಳೆ ಹೋದವರನ್ನು ಸೇರಿಸಬೇಕೇ ಬೇಡವೇ ಎಂದು ಮೊದಲು ಕೇಳಿದವಳು ಅವಳು. ಆ ಪ್ರಶ್ನೆಯಿಂದಾಗಿ ನಮೂನೆಯೇ ಬದಲಾಯಿತು. ಹೊಸ ಗಣತಿದಾರರಿಗೆ ತರಬೇತಿ ಕೊಟ್ಟವಳೂ ಅವಳೇ. ಆದರೆ ಅವಳ ಹೆಸರಿನಲ್ಲಿ ನೇಮಕಾತಿ ಆದೇಶವಿರಲಿಲ್ಲ. ಗೌರವಧನವನ್ನು ಸಾದಿಲ್ವಾರು ವೆಚ್ಚದಲ್ಲಿ, ವೋಚರಿನ ಮೇಲೆ ಸಹಿ ಹಾಕಿಸಿಕೊಂಡು ಕೊಡಲಾಗುತ್ತಿತ್ತು. ಕೊನೆಗೆ ಅವಳು ಪ್ರಮಾಣಪತ್ರ ಕೇಳಿದಾಗ ಗುಮಾಸ್ತರು ಸಿದ್ಧಪಡಿಸಿ ತಂದ ಒಂದು ಸಾಲಿನ ಪತ್ರಕ್ಕೆ ನಾನು ಓದದೆಯೇ ಸಹಿ ಮಾಡಿದೆ: 'ಸದರಿಯವರು ಸಮೀಕ್ಷಾ ಕಾರ್ಯದಲ್ಲಿ ಸಹಕರಿಸಿರುತ್ತಾರೆ.'

ಕೆಲವು ವರ್ಷಗಳ ನಂತರ ಅವಳು ಒಂದು ಅಂತರರಾಷ್ಟ್ರೀಯ ಸಂಸ್ಥೆಗೆ ಅರ್ಜಿ ಹಾಕಿದಳು. ಎರಡು ವರ್ಷಗಳ ಕ್ಷೇತ್ರಾನುಭವ ಕೇಳಿದ್ದರು. ಪರಿಶೀಲನೆಯ ಹಂತದಲ್ಲೇ ಅರ್ಜಿ ಬಿದ್ದುಹೋಯಿತು. ನಾನಾಗ ಬೇರೆ ಜಿಲ್ಲೆಯಲ್ಲಿದ್ದೆ. ಹುಡುಕಿಕೊಂಡು ಬಂದು ಆ ಪತ್ರವನ್ನು ಮೇಜಿನ ಮೇಲಿಟ್ಟಳು. "ಸರ್, ಇದ್ರಾಗ ನಾ ಬಂದಿದ್ದೆ ಅಂತ ಅದ, ಏನ್ ಮಾಡೀನಿ ಅಂತ ಇಲ್ಲ" ಎಂದಳು. ತಾರೀಖು ಹಾಕಿ ಹೊಸದಾಗಿ ಬರೆದುಕೊಡಲು ನನಗೆ ಅಧಿಕಾರವಿರಲಿಲ್ಲ. ಅಧಿಕಾರವಿದ್ದವರಿಗೆ ದಾಖಲೆ ಸಿಗಲಿಲ್ಲ. ಆಮೇಲೆ ಅವಳು ಹೊರಗುತ್ತಿಗೆಯಲ್ಲಿ ಕಂಪ್ಯೂಟರ್ ಆಪರೇಟರ್ ಆದಳು. ಇತರರು ಸಂಗ್ರಹಿಸಿದ ಅಂಕಿಅಂಶ ತುಂಬುವ ಕೆಲಸ.

ಈ ನೇಮಕಾತಿಯ ರೀತಿ ನಮ್ಮ ಲೋಕಸೇವಾ ಆಯೋಗದ ರೀತಿಯಲ್ಲ ಎಂಬುದನ್ನು ನಮ್ಮ ಯುವಕರಿಗೆ ಯಾರೂ ಹೇಳಿಲ್ಲ. ಬಹುತೇಕ ಹುದ್ದೆಗಳಿಗೆ ನೂರಾರು ಜನ ಬರೆಯುವ ಸಾಮಾನ್ಯ ಪರೀಕ್ಷೆ ಇಲ್ಲ, ಅಂಕಗಳ ಪಟ್ಟಿ ಇಲ್ಲ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗಕ್ಕೆ ದೊರೆತ ಮೀಸಲಾತಿ ರಾಜ್ಯ ಸರ್ಕಾರದ ಹುದ್ದೆ ಮತ್ತು ಶಿಕ್ಷಣಕ್ಕೆ ಸಂಬಂಧಿಸಿದ್ದು. ವಿಶ್ವಸಂಸ್ಥೆಯ ಕಚೇರಿಗೆ ಅದು ಅನ್ವಯಿಸದು. ವಿಶ್ವಸಂಸ್ಥೆಯಲ್ಲಿ ಅಂತರರಾಷ್ಟ್ರೀಯ ವೃತ್ತಿಪರ ಶ್ರೇಣಿಯ ಪಿ-2 ಹುದ್ದೆಗೆ ಸ್ನಾತಕೋತ್ತರ ಪದವಿಯ ಜೊತೆ ಸಾಮಾನ್ಯವಾಗಿ ಎರಡು ವರ್ಷಗಳ, ಪಿ-3ಕ್ಕೆ ಐದು ವರ್ಷಗಳ ಅನುಭವ ಬೇಕು. ಜೂನಿಯರ್ ಪ್ರೊಫೆಷನಲ್ ಆಫೀಸರ್ ಎಂಬ ಬಾಗಿಲು ಹೆಚ್ಚಾಗಿ ಶ್ರೀಮಂತ ರಾಷ್ಟ್ರಗಳು ತಮ್ಮ ಪ್ರಜೆಗಳಿಗಾಗಿ ಹಣ ಕೊಟ್ಟು ತೆರೆಸಿಕೊಂಡದ್ದು. ಹಾಗಾದರೆ ನಮಗಿರುವ ದಾರಿ? ಆಯಾ ದೇಶದವರಿಗೇ ಮೀಸಲಾದ ರಾಷ್ಟ್ರೀಯ ಅಧಿಕಾರಿ ಹುದ್ದೆಗಳು, ಸ್ಥಳೀಯವಾಗಿ ತುಂಬುವ ಸಾಮಾನ್ಯ ಸೇವೆಯ ಹುದ್ದೆಗಳು, ಮತ್ತು ವಿಶ್ವಸಂಸ್ಥೆ ಸ್ವಯಂಸೇವಕ ಯೋಜನೆ. ಈ ಕೊನೆಯದರಲ್ಲಿ 18ರಿಂದ 26 ವರ್ಷದ ಯುವಜನರಿಗೆ ಪ್ರತ್ಯೇಕ ವಿಭಾಗವೇ ಇದೆ. ಸ್ವದೇಶದಲ್ಲೇ ಜೀವನಭತ್ಯೆ ಪಡೆದು ಕೆಲಸ ಮಾಡಬಹುದು. ಯಾವ ಹಂತದಲ್ಲೂ ಅರ್ಜಿದಾರರಿಂದ ವಿಶ್ವಸಂಸ್ಥೆ ಶುಲ್ಕ ಪಡೆಯುವುದಿಲ್ಲ. ಹಣ ಕೇಳಿದವನು ಮೋಸಗಾರನೆಂದೇ ತಿಳಿಯಬೇಕು.

ಸಂದರ್ಶನದ ಬಗೆಗೂ ಒಂದು ಮಾತು. ಅಲ್ಲಿ ವಿಷಯಜ್ಞಾನದ ಜೊತೆಗೆ 'ನೀವು ಒಂದು ಕಷ್ಟದ ಸನ್ನಿವೇಶವನ್ನು ಹೇಗೆ ನಿಭಾಯಿಸಿದಿರಿ' ಎಂಬ ಬಗೆಯ ಪ್ರಶ್ನೆ ಕೇಳುತ್ತಾರೆ. ನಮ್ಮ ಭಾಗದ ಅಭ್ಯರ್ಥಿ 'ನಾವೆಲ್ಲ ಸೇರಿ ಮಾಡಿದೆವು' ಎನ್ನುತ್ತಾನೆ. ಮನೆಯಲ್ಲಿ ಕಲಿತ ಸೌಜನ್ಯ ಅದು. ಮಂಡಳಿಗೆ ಬೇಕಾದದ್ದು 'ನಾನು ಇದನ್ನು ಮಾಡಿದೆ' ಎಂಬ ವಾಕ್ಯ. ಸೌಜನ್ಯಕ್ಕೆ ಅಂಕವಿಲ್ಲವೆಂದು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಈಗ ಇದೆಲ್ಲ ಏಕೆ, ಆ ಕ್ಷೇತ್ರವೇ ಕುಗ್ಗುತ್ತಿದೆಯಲ್ಲ ಎಂದು ಕೇಳಬಹುದು. ನಿಜ. ಅಮೆರಿಕದ ಯುಎಸ್‌ಏಡ್ ಸಂಸ್ಥೆ 2025ರ ಜುಲೈ 1ರಂದು ತನ್ನ ನೆರವಿನ ಕಾರ್ಯವನ್ನು ನಿಲ್ಲಿಸಿತು. ಅದೇ ವರ್ಷ ವಿಶ್ವಸಂಸ್ಥೆಯ ಹಲವು ಅಂಗಗಳು ಹುದ್ದೆಗಳನ್ನು ಕಡಿತಗೊಳಿಸಿದವು. ಪೈಪೋಟಿ ಬಿಗಿಯಾದಾಗ ದಾಖಲೆಯಿಲ್ಲದ ಅನುಭವವೇ ಮೊದಲು ಹೊರಬೀಳುವುದು. ದೇಶೀಯ ದತ್ತಿ ಸಂಸ್ಥೆಗಳೂ ಇಂದು ಹೆಚ್ಚುಕಡಿಮೆ ಇದೇ ನಮೂನೆಯಲ್ಲಿ ಅರ್ಜಿ ಕೇಳುತ್ತವೆ.

ಸಂಸ್ಥೆಗಳ ಪಾಲಿನ ಕರ್ತವ್ಯವೂ ಇದೆ. ರಾಯಚೂರಿನಲ್ಲಿ ಕೆಲಸ ಮಾಡುವ ಹುದ್ದೆಯ ಜಾಹೀರಾತಿನಲ್ಲಿ ಕನ್ನಡ 'ಅಪೇಕ್ಷಣೀಯ' ಎಂದಿದ್ದರೆ ಸಾಲದು, ಕಡ್ಡಾಯವೆಂದಿರಬೇಕು. ಭಾಷೆ ಬಾರದ ಅಧಿಕಾರಿ ಮತ್ತು ಅವನಿಗೊಬ್ಬ ದುಭಾಷಿ, ಹೀಗೆ ಒಂದು ಕೆಲಸಕ್ಕೆ ಇಬ್ಬರನ್ನಿಟ್ಟು ಕಡಿಮೆ ಕೆಲಸ ಮಾಡಿದವನಿಗೆ ಹೆಚ್ಚು ಸಂಬಳ ಕೊಡುವುದನ್ನು ಅರ್ಥಶಾಸ್ತ್ರದಲ್ಲಿ ದಕ್ಷತೆ ಎನ್ನುವುದಿಲ್ಲ. ಆದರೆ ಅವರ ಮನಸ್ಸು ಬದಲಾಗುವವರೆಗೆ ಕಾಯಬೇಕಿಲ್ಲ.

ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಬಹುದು: ಜಿಲ್ಲೆಯಲ್ಲಿ ಇಲಾಖೆಗಳ ಸಹಯೋಗದಿಂದ ನಡೆಯುವ ಯಾವುದೇ ಅಧ್ಯಯನ, ಸಮೀಕ್ಷೆಯಲ್ಲಿ ದುಡಿದ ಪ್ರತಿಯೊಬ್ಬರಿಗೂ ಕೆಲಸ ಮುಗಿದ ಮೂವತ್ತು ದಿನಗಳೊಳಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಪತ್ರ ಕೊಡತಕ್ಕದ್ದು, ಅದರಲ್ಲಿ ಆರಂಭದ ಮತ್ತು ಮುಕ್ತಾಯದ ದಿನಾಂಕ, ಭೇಟಿ ನೀಡಿದ ಗ್ರಾಮಗಳ ಸಂಖ್ಯೆ, ಬಳಸಿದ ಭಾಷೆಗಳು, ತರಬೇತಿ ನೀಡಿದ್ದರೆ ಎಷ್ಟು ಜನರಿಗೆ, ವರದಿಯಲ್ಲಿ ಅವರ ಪಾಲೇನು ಎಂಬುದನ್ನು ನಮೂದಿಸತಕ್ಕದ್ದು, ಪ್ರತಿಯನ್ನು ಕಚೇರಿಯ ವಹಿಯಲ್ಲಿ ಕಾಯ್ದಿರಿಸತಕ್ಕದ್ದು. 'ಸಹಕರಿಸಿರುತ್ತಾರೆ' ಎಂಬ ಪದವನ್ನು ಬಳಸತಕ್ಕದ್ದಲ್ಲ. ಇದಕ್ಕೆ ಆರ್ಥಿಕ ಇಲಾಖೆಯ ಸಹಮತಿಯೂ ಬೇಕಿಲ್ಲ.